ವಿಧಾನಸಭೆಯಿಂದ ನಗರಸಭೆಗೆ: ಮಾಜಿ ಶಾಸಕರು ಅಧ್ಯಕ್ಷರಾದಾಗ ಮಾಡಬೇಕಾದ ಕೆಲಸ

ಶಾಸಕರಾಗಿದ್ದವರಿಗೆ ನಗರಸಭೆ ಸಣ್ಣದು ಅನ್ನಿಸುತ್ತದೆ. ಮೊದಲು ಬಿಡಬೇಕಾದದ್ದು ಆ ಭಾವನೆಯನ್ನೇ. ವಿಧಾನಸಭೆಯಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ಬರುವುದು ಮುಂದಿನ ಅಧಿವೇಶನಕ್ಕೆ ಹೋದರೂ ಯಾರೂ ಕೇಳುವುದಿಲ್ಲ. ನಗರಸಭೆಯಲ್ಲಿ ಬೆಳಿಗ್ಗೆ ಆರಕ್ಕೆ ವಾಲ್ವ್‌ಮನ್ ಬರದಿದ್ದರೆ ಏಳಕ್ಕೆ ನಿಮ್ಮ ಮನೆ ಮುಂದೆ ಖಾಲಿ ಕೊಡ ಹಿಡಿದ ಜನ ನಿಂತಿರುತ್ತಾರೆ.

ಕರ್ನಾಟಕದಲ್ಲಿ 50 ಸಾವಿರದಿಂದ 3 ಲಕ್ಷದವರೆಗೆ ಜನಸಂಖ್ಯೆ ಇರುವ ಊರುಗಳಿಗೆ ನಗರಸಭೆ. ಇದು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ. ಇಲ್ಲಿ ಮುಖ್ಯಸ್ಥರಿಗೆ ಅಧ್ಯಕ್ಷರು ಎನ್ನುತ್ತಾರೆ. ಮೇಯರ್ ಎಂಬ ಹೆಸರು ಮಹಾನಗರ ಪಾಲಿಕೆಗೆ ಮಾತ್ರ, ಅದಕ್ಕೆ 1976ರ ಕಾಯ್ದೆ ಬೇರೆಯೇ ಇದೆ. ಬೆಂಗಳೂರು ಬಿಟ್ಟರೆ ಉಳಿದ ಪಾಲಿಕೆಗಳ ಮೇಯರ್‌ಗೆ ಒಂದೇ ವರ್ಷ, ನಗರಸಭೆ ಅಧ್ಯಕ್ಷರಿಗೆ 30 ತಿಂಗಳು. ಕೆಲಸ ಮಾಡುವ ಮನಸ್ಸಿದ್ದವರಿಗೆ ನಗರಸಭೆಯ ಕುರ್ಚಿಯೇ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕುರ್ಚಿಯವರೆಗಿನ ದಾರಿ

ಮಾಜಿ ಶಾಸಕರೆಂಬ ಕಾರಣಕ್ಕೆ ನೇರ ಬಾಗಿಲಿಲ್ಲ. ಒಂದು ವಾರ್ಡಿನಿಂದ ಗೆದ್ದು ಬರಲೇಬೇಕು. ಈ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆಗೆ 25 ವರ್ಷ ಆಗಿರಬೇಕು, ಇಲ್ಲಿಗೆ 21 ಸಾಕು. ಹಾಗಾಗಿ ನಿಮ್ಮ ಹಳೇ ಬೂತ್ ಏಜೆಂಟರ ಮಗನೇ ಎದುರಾಳಿಯಾಗಿ ನಿಂತರೂ ಆಶ್ಚರ್ಯವಿಲ್ಲ. ಕ್ಷೇತ್ರದಲ್ಲಿ ಲಕ್ಷಾಂತರ ಮತದಾರರ ಲೆಕ್ಕ ಹಾಕಿದವರು ವಾರ್ಡಿನ ಎರಡು–ಮೂರು ಸಾವಿರ ಮತದಲ್ಲಿ ಎಡವುವುದಕ್ಕೆ ಕಾರಣ ಒಂದೇ: ಭಾಷಣ ನಂಬಿ ಮನೆ ಮನೆ ಸುತ್ತುವುದನ್ನು ಬಿಡುವುದು.

ಗೆದ್ದ ಮೇಲೆ ಮೀಸಲಾತಿಯ ಪ್ರಶ್ನೆ. ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಎಂದು ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. ಅದು ಕೋರ್ಟಿಗೆ ಹೋದರೆ ಕಾಯಬೇಕು. 2018ರ ಆಗಸ್ಟ್‌ನಲ್ಲಿ ಚುನಾವಣೆ ನಡೆದ ಹಲವು ಊರುಗಳಿಗೆ ಅಧ್ಯಕ್ಷರು ಸಿಕ್ಕಿದ್ದು 2020ರ ಕೊನೆಯಲ್ಲಿ. ಈ ಕಾಲವನ್ನು ಸುಮ್ಮನೆ ಕಳೆಯಬೇಡಿ. ಹಿಂದಿನ ಐದು ವರ್ಷದ ಸಭಾ ನಡಾವಳಿ ಮತ್ತು ಆಡಿಟ್ ವರದಿ ಕೇಳಿ ಪಡೆದು ಓದಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.

ಮತದ ಲೆಕ್ಕದಲ್ಲಿ ಸ್ಥಳೀಯ ಶಾಸಕರು ಮತ್ತು ಸಂಸದರನ್ನು ಮರೆಯಬಾರದು, ಅವರಿಗೂ ಒಂದೊಂದು ಮತ ಇದೆ. 31 ವಾರ್ಡಿನ ನಗರಸಭೆಯಾದರೆ ಒಟ್ಟು 33, ಎಲ್ಲರೂ ಹಾಜರಿದ್ದರೆ ಗೆಲ್ಲಲು 17 ಬೇಕು. ನಾಮನಿರ್ದೇಶಿತ ಸದಸ್ಯರಿಗೆ ಮತವಿಲ್ಲ. ಪಕ್ಷದ ಚಿಹ್ನೆಯ ಮೇಲೆ ಗೆದ್ದವರು ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವವೇ ಹೋಗಬಹುದು. ಬೇರೆ ಪಕ್ಷದ ಬೆಂಬಲ ನಂಬಿ ಕೂರುವ ಮುಂಚೆ ಇದನ್ನು ತೂಗಿ ನೋಡಿ.

ಪತ್ರ ಕೊಡುವ ಕೈ ಠರಾವು ಬರೆಯಬೇಕು

ಶಾಸಕರ ಆಯುಧ ಲೆಟರ್‌ಹೆಡ್ ಮತ್ತು ಫೋನು. ಅವರಿಗೆ ವರ್ಷಕ್ಕೆ ₹2 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ. ಅಧ್ಯಕ್ಷರಿಗೆ ಅಂಥ ಸ್ವಂತ ನಿಧಿ ಇಲ್ಲ. ಕೆಲಸ ಮಾಡಿಸುವುದು, ಬಿಲ್ ಪಾವತಿಸುವುದು ಪೌರಾಯುಕ್ತರು, ಅಂದರೆ ನಗರಸಭೆಗೆ ಸರ್ಕಾರ ನೇಮಿಸಿದ ಅಧಿಕಾರಿ. ಅಧ್ಯಕ್ಷರು ಬಾಯಿಮಾತಲ್ಲಿ ಹೇಳಿದ್ದಕ್ಕೆ ಕಡತದಲ್ಲಿ ಬೆಲೆಯಿಲ್ಲ. ಸಭೆ ಒಪ್ಪಿ ನಡಾವಳಿ ಪುಸ್ತಕಕ್ಕೆ ಹತ್ತಿದ ಠರಾವಿಗೆ, ಅಂದರೆ ಲಿಖಿತ ತೀರ್ಮಾನಕ್ಕೆ, ಬೆಲೆಯಿದೆ. ಮಾಜಿ ಶಾಸಕರು ಹೆಚ್ಚಾಗಿ ಸೋಲುವುದು ಇಲ್ಲಿಯೇ: ಆರು ತಿಂಗಳು ಅಧಿಕಾರಿಗಳನ್ನು ಗದರಿಸುತ್ತಾರೆ, ಆಮೇಲೆ ನೋಡಿದರೆ ಪುಸ್ತಕದಲ್ಲಿ ಒಂದೂ ಗಟ್ಟಿ ತೀರ್ಮಾನ ಇರುವುದಿಲ್ಲ.

ಠರಾವು ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ. "12ನೇ ವಾರ್ಡಿನ ಚರಂಡಿ ಅಭಿವೃದ್ಧಿಪಡಿಸಲು ಸಭೆ ತೀರ್ಮಾನಿಸಿತು" ಎಂದು ಬರೆದರೆ ಅದು ಆಶಯ ಅಷ್ಟೇ, ಯಾರನ್ನೂ ಕಟ್ಟಿಹಾಕುವುದಿಲ್ಲ. ಹೀಗೆ ಬರೆಸಿ: "12ನೇ ವಾರ್ಡಿನ ಸಂತೆ ಬೀದಿಯ ಎಡಬದಿಯಲ್ಲಿ ಶಾಲೆ ಗೇಟಿನಿಂದ ರಾಜಕಾಲುವೆವರೆಗೆ 180 ಮೀಟರ್ ಚರಂಡಿ, ಅಂದಾಜು ₹9.50 ಲಕ್ಷ; ಲೆಕ್ಕಶೀರ್ಷಿಕೆ ನಗರಸಭೆ ಸ್ವಂತ ನಿಧಿ; ಕಿರಿಯ ಎಂಜಿನಿಯರ್ 15 ದಿನದಲ್ಲಿ ಅಂದಾಜುಪಟ್ಟಿ ಸಲ್ಲಿಸುವುದು; ಅನುಪಾಲನಾ ವರದಿ ಮುಂದಿನ ಸಾಮಾನ್ಯ ಸಭೆಗೆ." ಜಾಗ, ಅಳತೆ, ಹಣದ ಮೂಲ, ಹೊಣೆಗಾರ, ಗಡುವು ಈ ಐದರಲ್ಲಿ ಒಂದು ಬಿಟ್ಟರೂ ಕಡತ ಆ ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ.

ಸಭೆ ಮುಗಿದ ಎರಡು–ಮೂರು ದಿನದಲ್ಲಿ ನಡಾವಳಿ ಬರೆಸಿ ಸಹಿ ಹಾಕಿ. ಸಹಿಗೆ ಮುಂಚೆ ಪುಟ ತಿರುಗಿಸಿ ನೋಡಿ. ಎರಡು ಠರಾವಿನ ನಡುವೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದರೆ ಗೆರೆ ಎಳೆದು ಮುಚ್ಚಿ, ನಂತರ ಅಲ್ಲಿ ಏನಾದರೂ ಸೇರಿದರೆ ಉತ್ತರ ಕೊಡಬೇಕಾದವರು ನೀವು. ಅಜೆಂಡಾದ ಕೊನೆಯಲ್ಲಿ ಬರುವ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಎಂಬ ಸಾಲಿನಲ್ಲಿ ಹಣದ ವಿಷಯ, ಮಳಿಗೆ ಬಾಡಿಗೆ, ಜಾಗ ಮಂಜೂರಾತಿ ಯಾವುದನ್ನೂ ತರಬೇಡಿ. ಕಾನೂನಿಗೆ ವಿರುದ್ಧವಾದ ಠರಾವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಮುಂಚಿತ ನೋಟಿಸ್ ಇಲ್ಲದೆ ತುರುಕಿದ ವಿಷಯಗಳ ಮೇಲೇ ದೂರು ಬೇಗ ಹೋಗುತ್ತದೆ. ಹಾಲಿ ಶಾಸಕರಿಗೂ ಸಂಸದರಿಗೂ ಪ್ರತಿ ಸಭೆಯ ನೋಟಿಸ್ ಮುಟ್ಟಿಸಿ, ಸ್ವೀಕೃತಿ ಕಡತದಲ್ಲಿರಲಿ. ಹಾಲಿ ಶಾಸಕರು ನಿಮ್ಮನ್ನು ಸೋಲಿಸಿದವರೇ ಆಗಿದ್ದರಂತೂ ಇದು ತಪ್ಪಲೇಬಾರದು.

ಇನ್ನೊಂದು ಅಭ್ಯಾಸವನ್ನೂ ಬಿಡಬೇಕು. ವಿಧಾನಸಭೆಯಲ್ಲಿ ಸದನ ನಡೆಸುವ ಸಭಾಧ್ಯಕ್ಷರು ಬೇರೆ, ವಾದ ಮಾಡುವ ನೀವು ಬೇರೆ ಆಗಿದ್ದಿರಿ. ಇಲ್ಲಿ ಎರಡೂ ನೀವೇ. ಪೀಠದಲ್ಲಿ ಕೂತು ಜಗಳಕ್ಕಿಳಿದರೆ ಸಭೆ ಮುಂದೂಡುವುದೇ ಗತಿ. ಉತ್ತರವನ್ನು ಸ್ಥಾಯಿ ಸಮಿತಿ ಅಧ್ಯಕ್ಷರಿಂದ, ಅಧಿಕಾರಿಗಳಿಂದ ಕೊಡಿಸಿ.

ಮೊದಲ ವಾರ ಕೇಳಬೇಕಾದ ಕಾಗದಗಳು

ಸನ್ಮಾನದ ಹಾರ ಒಣಗುವ ಮುಂಚೆ ಇವು ಮೇಜಿನ ಮೇಲಿರಲಿ: ಎಲ್ಲ ಬ್ಯಾಂಕ್ ಖಾತೆಗಳ ನಿಧಿವಾರು ಶಿಲ್ಕು (ಉಳಿದಿರುವ ಹಣ); ಗುತ್ತಿಗೆದಾರರ ಬಾಕಿ ಬಿಲ್ ಪಟ್ಟಿ; ವಿದ್ಯುತ್ ಬಾಕಿ; ನ್ಯಾಯಾಲಯದಲ್ಲಿರುವ ಪ್ರಕರಣಗಳು; ಆಸ್ತಿ ತೆರಿಗೆ, ನೀರಿನ ಕಂದಾಯ ಮತ್ತು ಮಳಿಗೆ ಬಾಡಿಗೆಯ ಡಿಸಿಬಿ, ಅಂದರೆ ಬೇಡಿಕೆ–ವಸೂಲಿ–ಬಾಕಿ ತಖ್ತೆ.

ಖಾತೆಯಲ್ಲಿ ಕೋಟಿಗಟ್ಟಲೆ ಹಣ ಕಂಡರೆ ಹಿಗ್ಗಬೇಡಿ. ಅದರಲ್ಲಿ ಬಹುಪಾಲು ಅನುದಾನ, ಅದಕ್ಕೆ ಗೊತ್ತುಪಡಿಸಿದ ಕೆಲಸ ಇರುತ್ತದೆ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಇಂಥ ನಗರಗಳ ಅನುದಾನದ ಶೇ 60 ಅನ್ನು ನಿರ್ಬಂಧಿತ ಎಂದು ಗೊತ್ತುಪಡಿಸಲಾಗಿತ್ತು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯ ಮತ್ತು ಕಸ ನಿರ್ವಹಣೆಗೆ. ನಗರಸಭೆಯ ಆಯವ್ಯಯದಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರೆ ಬಡ ಜನರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಈ ಹಣ ಖರ್ಚಾಗದೆ ಉಳಿದರೆ ಅದು ಉಳಿತಾಯವಲ್ಲ, ತಪ್ಪು. ಆಸ್ತಿ ತೆರಿಗೆ ಜೊತೆ ವಸೂಲಾಗುವ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ನಗರಸಭೆಯ ಹಣವೇ ಅಲ್ಲ. ಅದನ್ನು ಸಂಬಂಧಪಟ್ಟವರಿಗೆ ಕಟ್ಟದೆ ಸಂಬಳಕ್ಕೆ ತಿರುಗಿಸಿದರೆ ಮುಂದಿನ ಆಡಿಟ್‌ನಲ್ಲಿ ಆಕ್ಷೇಪಣೆ ಕಟ್ಟಿಟ್ಟ ಬುತ್ತಿ.

ಸ್ವಂತ ಹಣ ಅಂದರೆ ಮುಖ್ಯವಾಗಿ ಆಸ್ತಿ ತೆರಿಗೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ, ಜುಲೈನಿಂದ ತಿಂಗಳಿಗೆ ಶೇ 2 ದಂಡ. ವಸೂಲಿಗೆ ಪ್ರಚಾರ ಮಾಡಬೇಕಾದದ್ದು ಮಾರ್ಚ್ ಕೊನೆಯಲ್ಲಿ, ಡಿಸೆಂಬರ್‌ನಲ್ಲಿ ಅಲ್ಲ. ದರ ಏರಿಸುವ ಮುಂಚೆ ಬಿಲ್ ಕಲೆಕ್ಟರ್‌ಗಳಿಗೆ ಬೀದಿವಾರು ಪಟ್ಟಿ ಕೊಟ್ಟು ಎರಡು ಪ್ರಶ್ನೆಗೆ ಉತ್ತರ ತರಿಸಿ: ವಿದ್ಯುತ್ ಮೀಟರ್ ಇದ್ದೂ ತೆರಿಗೆ ಪುಸ್ತಕದಲ್ಲಿ ಇಲ್ಲದ ಕಟ್ಟಡ ಯಾವುದು? ವಾಸದ ಮನೆ ಎಂದು ಬರೆಸಿ ಕೆಳಗೆ ಅಂಗಡಿ ನಡೆಸುತ್ತಿರುವುದು ಎಲ್ಲಿ? ಪ್ರಾಮಾಣಿಕವಾಗಿ ಕಟ್ಟುವವರ ಮೇಲೆ ಇನ್ನಷ್ಟು ಹೇರುವುದಕ್ಕಿಂತ ಇದು ನ್ಯಾಯ.

ನೀರು

ನಗರಸಭೆಯ ಮಾನ ಇರುವುದು ನಲ್ಲಿಯಲ್ಲಿ. ಲೆಕ್ಕ ಸರಳ: ತಲೆಗೆ ದಿನಕ್ಕೆ 135 ಲೀಟರ್ ಎಂದರೆ 1 ಲಕ್ಷ ಜನಕ್ಕೆ 1.35 ಕೋಟಿ ಲೀಟರ್. ದಾರಿಯಲ್ಲಿ ಶೇ 30 ಸೋರಿದರೆ ಅಷ್ಟನ್ನು ಮುಟ್ಟಿಸಲು ಸುಮಾರು 1.93 ಕೋಟಿ ಲೀಟರ್ ಎತ್ತಬೇಕು, ಆ ಹೆಚ್ಚುವರಿಗೂ ವಿದ್ಯುತ್ ಬಿಲ್ ಬರುತ್ತದೆ. ಹೊಸ ಯೋಜನೆಗೆ ಡಿಪಿಆರ್ (ವಿವರವಾದ ಯೋಜನಾ ವರದಿ) ಬರೆಸುವ ಮುಂಚೆ ನೀರೆತ್ತುವ ಮೂಲಸ್ಥಾವರದ ಹೊರಹರಿವಿಗೂ ಪ್ರತಿ ಓವರ್‌ಹೆಡ್ ಟ್ಯಾಂಕಿಗೂ ಫ್ಲೋ ಮೀಟರ್ ಹಾಕಿಸಿ. ಎಲ್ಲಿ ಹೋಗುತ್ತಿದೆ ಎಂದು ಗೊತ್ತಿಲ್ಲದೆ ಹೆಚ್ಚು ನೀರು ತಂದರೆ ಹೆಚ್ಚು ಸೋರುತ್ತದೆ.

ಬಹುತೇಕ ಊರುಗಳಲ್ಲಿ ವಾಲ್ವ್‌ಗಳ ನಕ್ಷೆ ಇರುವುದು ಹಿರಿಯ ವಾಲ್ವ್‌ಮನ್ ತಲೆಯಲ್ಲಿ ಮಾತ್ರ. ಅವರು ನಿವೃತ್ತರಾದ ಮರುದಿನ ಅರ್ಧ ಊರಿಗೆ ನೀರಿಲ್ಲ. ಒಬ್ಬ ಕಿರಿಯ ಎಂಜಿನಿಯರ್‌ರನ್ನು ಅವರ ಜೊತೆ ಒಂದು ವಾರ ನಡೆಸಿ ಪ್ರತಿ ವಾಲ್ವ್‌ಗೂ ನಂಬರ್ ಕೊಡಿಸಿ: ಎಲ್ಲಿದೆ, ಎಷ್ಟು ಇಂಚಿನದು, ಯಾವ ಬೀದಿಗೆ ಹೋಗುತ್ತದೆ, ಎಷ್ಟು ಸುತ್ತು ತಿರುಗಿಸಬೇಕು, ಎಷ್ಟು ಹೊತ್ತು ಬಿಡಬೇಕು. ಹೆಚ್ಚು ಖರ್ಚಿಲ್ಲದ ಈ ಕೆಲಸದಿಂದ "ನಮ್ಮ ಬೀದಿಗೆ ಯಾಕೆ ಬರಲ್ಲ" ಎಂಬ ದೂರಿಗೆ ಮೊದಲ ಬಾರಿಗೆ ಸರಿಯಾದ ಉತ್ತರ ಸಿಗುತ್ತದೆ.

ಗುಣಮಟ್ಟವನ್ನು ಟ್ಯಾಂಕಿನ ಬುಡದಲ್ಲಿ ಅಲ್ಲ, ಸಾಲಿನ ಕಟ್ಟಕಡೆಯ ನಲ್ಲಿಯಲ್ಲಿ ನೋಡಿ. ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್‌ನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಊರಿಗೆಲ್ಲ ಸರಿಯಿದ್ದು ಒಂದೇ ಬೀದಿಯಲ್ಲಿ ಸೊನ್ನೆ ಬಂದರೆ ಆ ಬೀದಿಯ ಪೈಪಿಗೆ ಚರಂಡಿ ನೀರು ಸೇರುತ್ತಿದೆ ಎಂದೇ ಅನುಮಾನಿಸಿ ಅಗೆಸಿ. ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ಪೈಪು ಖಾಲಿಯಾದಾಗ ಒಡಕಿನಿಂದ ಹೊರಗಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮಳೆ ಶುರುವಾದ ಮೊದಲ ಎರಡು ವಾರ ಈ ಪರೀಕ್ಷೆ ದಿನವೂ ನಡೆಯಲಿ. ವಾಂತಿಭೇದಿ ಪ್ರಕರಣ ಆಸ್ಪತ್ರೆಗೆ ಬಂದಮೇಲೆ ಓಡಾಡಿ ಪ್ರಯೋಜನವಿಲ್ಲ.

ಕಸ ಮತ್ತು ಕಾಮಗಾರಿ

ಲಕ್ಷ ಜನರ ಊರಿನಲ್ಲಿ ದಿನಕ್ಕೆ ಸುಮಾರು 30–40 ಟನ್ ಕಸ ಎಂದು ಅಂದಾಜಿಸಿ. ಆಟೊ ಟಿಪ್ಪರ್ ಒಂದು ಮನೆ ಮುಂದೆ 20 ಸೆಕೆಂಡ್ ನಿಂತರೆ ಸಾವಿರ ಮನೆಗೆ ಐದೂವರೆ ಗಂಟೆ. ಅಂದರೆ ಒಂದು ಪಾಳಿಗೆ ಸಾವಿರ ಮನೆಯೇ ಮಿತಿ. 24 ಸಾವಿರ ಮನೆಗೆ 24 ಗಾಡಿ, ಕೆಟ್ಟು ನಿಂತಾಗ ಬದಲಿಗೆ ಎರಡು–ಮೂರು. ಇದಕ್ಕಿಂತ ಕಡಿಮೆ ಇಟ್ಟು ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಜನರಿಗೆ ಹೇಳಿದರೆ ನಡೆಯದು. ಗಾಡಿ ಬಾರದ ಮನೆಯವರು ಮೂಲೆಯಲ್ಲಿ ಸುರಿಯುತ್ತಾರೆ, ಅಷ್ಟೇ. ಪೌರಕಾರ್ಮಿಕರು 700 ಜನಕ್ಕೆ ಒಬ್ಬರು ಎಂಬ ಲೆಕ್ಕದಲ್ಲಿ ಲಕ್ಷ ಜನಕ್ಕೆ 143 ಮಂದಿ ಬೇಕು. ಹಾಜರಿ ಪುಸ್ತಕದ ಸಂಖ್ಯೆಯನ್ನೂ ಬೆಳಿಗ್ಗೆ ಬೀದಿಯಲ್ಲಿರುವ ಸಂಖ್ಯೆಯನ್ನೂ ತಿಂಗಳಿಗೊಮ್ಮೆ ನೀವೇ ತಾಳೆ ನೋಡಿ. ಅವರ ಕೂಲಿ, ಗ್ಲೌಸ್, ಗಮ್‌ಬೂಟು ತಡವಾಗದಿರಲಿ. ಊರನ್ನು ಎತ್ತಿ ಹಿಡಿದಿರುವವರು ಅವರು.

ಕ್ರಿಯಾಯೋಜನೆ, ಅಂದರೆ ಯಾವ ಕೆಲಸಕ್ಕೆ ಎಷ್ಟು ಹಣ ಎಂಬ ಪಟ್ಟಿ, ಮಾಡುವಾಗ ಎಲ್ಲ ಸದಸ್ಯರೂ ವಾರ್ಡಿಗೆ ಸಮಪಾಲು ಕೇಳುತ್ತಾರೆ. ₹1.24 ಕೋಟಿಯನ್ನು 31ಕ್ಕೆ ಹಂಚಿದರೆ ವಾರ್ಡಿಗೆ ₹4 ಲಕ್ಷ. ಅದರಲ್ಲಿ ಅರ್ಧ ಚರಂಡಿ ಆಗುತ್ತದೆ, ನೀರು ಮುಂದೆಲ್ಲೂ ಹೋಗುವುದಿಲ್ಲ. ಅರ್ಧ ಹಣ ವಾರ್ಡುಗಳಿಗೆ ಬಿಟ್ಟು, ಇನ್ನರ್ಧ ಇಡೀ ಊರಿಗೆ ಬೇಕಾದ ಒಂದೋ ಎರಡೋ ಕೆಲಸಕ್ಕೆ ಇಡಲು ಮೊದಲ ಸಭೆಯಲ್ಲೇ ಒಪ್ಪಿಸಿ. ಎರಡನೇ ವರ್ಷಕ್ಕೆ ಅದು ಸಾಧ್ಯವಿಲ್ಲ. ಟೆಂಡರ್ ಕರೆಯಬೇಕೆನ್ನುವ 1999ರ ಪಾರದರ್ಶಕತೆ ಕಾಯ್ದೆ ತಪ್ಪಿಸಲು ಒಂದು ಕೆಲಸವನ್ನು ತುಂಡು ತುಂಡು ಮಾಡುವುದಕ್ಕೆ, ಕಾರಣವಿಲ್ಲದೆ ಅದರ 4(ಜಿ) ಕಲಮಿನಡಿ ಟೆಂಡರ್ ವಿನಾಯಿತಿ ಕೇಳುವುದಕ್ಕೆ ಸಹಿ ಹಾಕಬೇಡಿ.

ಬೆಂಗಳೂರಿಗೆ ಹೋಗುವಾಗ ಮಾತ್ರ ನಿಮ್ಮ ಹಳೆಯ ದಿನಗಳು ಕೈಹಿಡಿಯುತ್ತವೆ. ಯಾವ ಇಲಾಖೆಯಲ್ಲಿ ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂಬುದು ನಿಮಗೆ ಗೊತ್ತು, ಮೊದಲ ಬಾರಿ ಗೆದ್ದ ಸದಸ್ಯರಿಗೆ ಗೊತ್ತಿಲ್ಲ. ಮನವಿಪತ್ರ ಹಿಡಿದು ಮಂತ್ರಿಗಳ ಮನೆಗೆ ಹೋಗುವ ಬದಲು ಠರಾವಿನ ಪ್ರತಿ, ತಾಂತ್ರಿಕ ಮಂಜೂರಾತಿ, ಜಾಗದ ಪಹಣಿ, ಇ-ಆಫೀಸ್ ಕಡತ ಸಂಖ್ಯೆ ಹಿಡಿದು ಪೌರಾಡಳಿತ ನಿರ್ದೇಶನಾಲಯಕ್ಕೂ ನಗರ ನೀರು ಸರಬರಾಜು ಮಂಡಳಿಗೂ ಹೋಗಿ. ಜೊತೆಗೆ ಪೌರಾಯುಕ್ತರು ಮತ್ತು ಎಂಜಿನಿಯರ್ ಇರಲಿ, ಅಲ್ಲಿ ಕೇಳುವ ಪ್ರಶ್ನೆಗೆ ಅಲ್ಲೇ ಉತ್ತರ ಸಿಗಬೇಕು.

30ನೇ ತಿಂಗಳು ಹತ್ತಿರ ಬಂದಾಗ ಬಾಕಿ ಬಿಲ್‌ಗಳನ್ನು ಮುಗಿಸಿಬಿಡಿ ಎಂಬ ಒತ್ತಡ ಹೆಚ್ಚುತ್ತದೆ. ಅಳತೆ ಪುಸ್ತಕದಲ್ಲಿ ದಾಖಲಾಗದ, ಮೂರನೇ ವ್ಯಕ್ತಿ (ಹೊರಗಿನ ಸ್ವತಂತ್ರ ಸಂಸ್ಥೆ) ತಪಾಸಣೆ ಆಗದ ಯಾವ ಬಿಲ್ಲಿಗೂ ಶಿಫಾರಸು ಮಾಡಬೇಡಿ. ವಾಲ್ವ್ ನಕ್ಷೆ, ಡಿಸಿಬಿ ತಖ್ತೆ, ಅರ್ಧಕ್ಕೆ ನಿಂತ ಕಾಮಗಾರಿಗಳ ಪಟ್ಟಿ ಮತ್ತು ನಿಂತ ಕಾರಣ ಇಷ್ಟನ್ನು ಮುಂದಿನ ಅಧ್ಯಕ್ಷರಿಗೆ, ಅವರು ಯಾವ ಪಕ್ಷದವರೇ ಆಗಿರಲಿ, ಸ್ವೀಕೃತಿ ಪಡೆದು ಒಪ್ಪಿಸಿ.