ರೂಟ್ ಪಾಸ್‌ವರ್ಡ್ ಇಲ್ಲದೆ ಆಪರೇಟಿಂಗ್ ಸಿಸ್ಟಮ್ ಕಟ್ಟೋದು ಹೇಗೆ?

ಹುಬ್ಬಳ್ಳಿ, ವಿಜಯಪುರದಿಂದ ಪುಣೆಗೆ ಓದಲು ಬಂದವರಿಗೆ ಕಾಲೇಜ್ ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನಲ್ಲಿ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಖಾತೆ, ಯಾರೂ ಕೊಡಲ್ಲ. ಕೇಳೋಕೂ ಹೋಗಬೇಡಿ. ನೆಟ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮನ್ನು ಸೋರ್ಸ್‌ನಿಂದ (ಮೂಲ ಕೋಡಿನಿಂದ) ಕಟ್ಟಲು ಅದು ಬೇಕಾಗಿಯೇ ಇಲ್ಲ.

ಮೊದಲು ನಿಮ್ಮ ಹೋಮ್ ಫೋಲ್ಡರಿನ ಕೋಟಾ (ನಿಮಗೆ ಕೊಟ್ಟಿರುವ ಜಾಗ) ನೋಡಿಕೊಳ್ಳಿ. 30 ಜಿಬಿ ಖಾಲಿ ಇದ್ದರೆ ಚಿಂತೆಯಿಲ್ಲ. ಸೋರ್ಸ್ ಇಳಿಸಿಕೊಳ್ಳಿ. ಅದರೊಳಗೆ ಬಿಲ್ಡ್ ಡಾಟ್ ಎಸ್‌ಎಚ್ ಅನ್ನೋ ಸ್ಕ್ರಿಪ್ಟ್ ಇದೆ, 2002ರ 1.6 ಆವೃತ್ತಿಯಿಂದ ಬಂದದ್ದು. ಅದನ್ನು ದೊಡ್ಡಕ್ಷರದ ಯು ಆಯ್ಕೆ (ರೂಟ್ ಇಲ್ಲದೆ ಕಟ್ಟು ಅಂತ) ಮತ್ತು ಚಿಕ್ಕಕ್ಷರದ ಎಂ ಆಯ್ಕೆ (ಯಾವ ಬಗೆಯ ಯಂತ್ರಕ್ಕೆ ಅಂತ) ಕೊಟ್ಟು ಓಡಿಸಿ. ದೊಡ್ಡಕ್ಷರದ ಓ ಮತ್ತು ಟಿ ಆಯ್ಕೆಗಳಲ್ಲಿ ಆಬ್ಜೆಕ್ಟ್ ಫೈಲು, ಟೂಲ್ಸ್ ಎಲ್ಲಿ ಬೀಳಬೇಕು ಅಂತ ಹೇಳಿ, ಕೊನೆಗೆ 'ಟೂಲ್ಸ್ ರಿಲೀಸ್' ಅಂತ ಬರೆಯಿರಿ. ಅದು ಮೊದಲು ತನ್ನದೇ ಕಂಪೈಲರ್ ಕಟ್ಟಿಕೊಂಡು ಆಮೇಲೆ ಉಳಿದದ್ದಕ್ಕೆ ಕೈ ಹಾಕುತ್ತದೆ, ಹಾಗಾಗಿ ಟೈಮ್ ಜಾಸ್ತಿ ಬೇಕು. ಕೊಥ್ರೂಡಿನ ಮೆಸ್ಸಿಗೆ ಹೋಗಿ ಊಟ ಮುಗಿಸಿ ಬನ್ನಿ.

ರೂಟ್ ಇಲ್ಲದೆ ಸಿಸ್ಟಮ್ ಫೈಲುಗಳಿಗೆ ರೂಟ್ ಒಡೆತನ ಬರೋದು ಹೇಗೆ, ಅಲ್ವಾ? ಬರೋದೇ ಇಲ್ಲ. ಕಟ್ಟಿದ ಫೈಲುಗಳು ಬಂದು ಬೀಳುವ ಡೆಸ್ಟ್‌ಡಿರ್ ಫೋಲ್ಡರ್ ತೆರೆದು ನೋಡಿ, ಎಲ್ಲ ಫೈಲೂ ನಿಮ್ಮ ಹೆಸರಿನಲ್ಲೇ ಇವೆ. ಪಕ್ಕದಲ್ಲಿ ಮೆಟಾಲಾಗ್ ಅನ್ನೋ ಪಠ್ಯ ಫೈಲು ಇದೆಯಲ್ಲ, ಅದರಲ್ಲಿ ಸಾಲಿಗೊಂದರಂತೆ ಬರೆದಿರುತ್ತದೆ: ಕ್ಯಾಟ್ ಪ್ರೋಗ್ರಾಮು, ಒಡೆಯ ರೂಟ್, ಗುಂಪು ವೀಲ್, ಮೋಡ್ (ಯಾರು ಏನು ಮಾಡಬಹುದು ಅನ್ನೋ ಅನುಮತಿ) 0555. ಊರಿನ ಪಹಣಿ ಇದ್ದ ಹಾಗೆ. ಕೊನೆಯಲ್ಲಿ ಸೆಟ್‌ಗಳನ್ನು (ಫೈಲುಗಳ ಕಟ್ಟುಗಳನ್ನು), ಇಮೇಜನ್ನು ಮಾಡುವಾಗ ಒಡೆತನ ಈ ಫೈಲಿನಿಂದಲೇ ಹೋಗುತ್ತದೆ, ಡಿಸ್ಕಿನಿಂದ ಅಲ್ಲ. ಅದಕ್ಕೇ ಡೆಸ್ಟ್‌ಡಿರ್ ಒಳಗೆ ಸುಮ್ನೆ ಕೈಯಾರೆ ಫೈಲು ತುರುಕಬೇಡಿ. ಪಟ್ಟಿಯಲ್ಲಿ ಇಲ್ಲದ್ದು ಸಿಕ್ಕರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ಐಎಸ್‌ಒ (ಸಿಡಿ ಇಮೇಜ್) ಬೇಕಿದ್ದರೆ 'ಐಎಸ್‌ಒ-ಇಮೇಜ್' ಅಂತ ಕೊಡಿ. ಲ್ಯಾಬಿನಲ್ಲಿ ಕ್ಯೂಇಎಂಯು (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಮು) ಇದ್ದರೆ ಅದರಲ್ಲೇ ಬೂಟ್ ಮಾಡಿ ನೋಡಬಹುದು, ಅದಕ್ಕೂ ರೂಟ್ ಬೇಡ.

ಅಪ್‌ಡೇಟ್ ಇನ್ನೂ ಸುಲಭ. ಸೋರ್ಸ್ ಹೊಸದು ಮಾಡಿಕೊಂಡು, ಅದೇ ಆಯ್ಕೆಗಳ ಜೊತೆ ಚಿಕ್ಕಕ್ಷರದ ಯು ಕೂಡ ಸೇರಿಸಿ. ಹಳೆಯದನ್ನು ಅಳಿಸದೆ, ಬದಲಾದದ್ದನ್ನು ಮಾತ್ರ ಮತ್ತೆ ಕಟ್ಟುತ್ತದೆ. ಅರ್ಥವಾಗದ ಎರರ್ ಬಂದರೆ ತಲೆ ಕೆಡಿಸಿಕೊಳ್ಳದೆ ಆಬ್ಜೆಕ್ಟ್ ಫೋಲ್ಡರ್ ಅಳಿಸಿ ಹೊಸದಾಗಿ ಶುರು ಮಾಡಿ.

ರೂಟ್ ಬೇಕಾಗೋದು ಕಟ್ಟಿದ್ದನ್ನು ನಿಜವಾದ ನೆಟ್‌ಬಿಎಸ್‌ಡಿ ಯಂತ್ರಕ್ಕೆ ಹಾಕುವಾಗ ಮಾತ್ರ, ಅದು ಪಿಜಿಯಲ್ಲಿರುವ ನಿಮ್ಮದೇ ಹಳೇ ಲ್ಯಾಪ್‌ಟಾಪ್ ಆಗಿರಲಿ. ಮೊದಲು ಹೊಸ ಕರ್ನಲ್ (ಸಿಸ್ಟಮಿನ ತಿರುಳು) ಹಾಕಿ ರೀಬೂಟ್ ಮಾಡಿ, ಆಮೇಲೆ ಉಳಿದ ಸೆಟ್‌ಗಳನ್ನು ಬಿಚ್ಚಿ. ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಸೆಟ್ ಮಾತ್ರ ಹಾಗೇ ಬಿಚ್ಚಬೇಡಿ, ನಿಮ್ಮ ಸೆಟ್ಟಿಂಗ್‌ಗಳ ಮೇಲೆ ಹೊಸವು ಬಂದು ಕೂರುತ್ತವೆ. ಅದನ್ನು ಇಟಿಸಿಅಪ್‌ಡೇಟ್ ಅನ್ನೋ ಪ್ರೋಗ್ರಾಮಿಗೆ ಕೊಡಿ, ಒಂದೊಂದೇ ಬದಲಾವಣೆ ತೋರಿಸಿ ಕೇಳುತ್ತದೆ. ಉಳಿದ ಸಣ್ಣಪುಟ್ಟದ್ದನ್ನು ಪೋಸ್ಟ್‌ಇನ್‌ಸ್ಟಾಲ್ ಅನ್ನೋ ಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ.