ಎಂಟು ಅಂಗುಲದ ಬೆಲ್ ಏರ್ ಕಟ್ಟುವ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಎರಕದ ಕಾರ್ಖಾನೆಗೆ ಇಪ್ಪತ್ತೆರಡು ವರ್ಷಗಳಿಂದ ಪ್ಯಾಟರ್ನ್ ಮಾಡಿಕೊಡುತ್ತಿದ್ದೇನೆ. ನಾನು ಕೆತ್ತಿದ ಮಾದರಿಯನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ, ಆ ಅಚ್ಚಿನೊಳಗೆ ಕರಗಿದ ಬೀಡುಕಬ್ಬಿಣ ಹೊಯ್ಯುತ್ತಾರೆ. ರಾತ್ರಿ ಊಟವಾದ ಮೇಲೆ ಟಿಳಕವಾಡಿಯ ಮನೆಯಲ್ಲಿ ಕಿಟಕಿ ಪಕ್ಕದ ಮೇಜಿಗೆ ಕೂತು ಅಮೆರಿಕದ ಹಳೆಯ ಕಾರುಗಳ ಪ್ಲಾಸ್ಟಿಕ್ ಮಾದರಿಗಳನ್ನು ಕಟ್ಟುತ್ತೇನೆ. ಹಗಲಿನ ಕೆಲಸಕ್ಕೂ ರಾತ್ರಿಯ ಕೆಲಸಕ್ಕೂ ಅಚ್ಚಿನ ಸಂಬಂಧವಿದೆ. ಅಚ್ಚಿನಿಂದ ಬಂದ ಯಾವ ವಸ್ತುವೂ ಅಚ್ಚಿನ ಗುರುತುಗಳನ್ನು ಮೈಮೇಲೆ ಹೊತ್ತುಕೊಂಡೇ ಬರುತ್ತದೆ. ಆ ಗುರುತುಗಳು ಉಳಿದಷ್ಟು ಕಾಲ ಅದು ಆಟಿಕೆ. ಹೊಸದಾಗಿ ಕಟ್ಟುವವರು ಬಣ್ಣಕ್ಕೆ ಅವಸರಪಡುತ್ತಾರೆ. ನಾನು ಹೇಳಬೇಕಾದದ್ದು ಹೆಚ್ಚಾಗಿ ಬಣ್ಣಕ್ಕೆ ಮುಂಚಿನ ಕೆಲಸದ ಬಗ್ಗೆ.

ಮೊದಲ ಕಾರಾಗಿ 1957ರ ಷೆವರ್ಲೆ ಬೆಲ್ ಏರ್ ತೆಗೆದುಕೊಳ್ಳಿ. ಇದರ ಕಿಟ್‌ಗಳು ಈಗಲೂ ಮತ್ತೆ ಮತ್ತೆ ಮಾರುಕಟ್ಟೆಗೆ ಬರುತ್ತವೆ, ಮಾದರಿ ನೋಡಲು ನಿಜವಾದ ಕಾರಿನ ಚಿತ್ರಗಳೂ ಧಾರಾಳವಾಗಿ ಸಿಗುತ್ತವೆ. ಬಾಲದ ಆ ಎರಡು ರೆಕ್ಕೆಗಳನ್ನು ಬೆರಳಿನಿಂದ ಸವರುವ ಸುಖವನ್ನು ನಾನು ಬರೆದು ತಿಳಿಸಲಾರೆ. ಅಮೆರಿಕದ ಕಾರುಗಳ ಕಿಟ್‌ಗಳು ಹೆಚ್ಚಾಗಿ 1/25 ಅಳತೆಯಲ್ಲಿ ಬರುತ್ತವೆ. ಮೊನೋಗ್ರಾಮ್ ಕಂಪನಿಯವು ಬಹುಪಾಲು 1/24. ನಿಜವಾದ ಬೆಲ್ ಏರ್ 200 ಅಂಗುಲ ಉದ್ದ, ಹಾಗಾಗಿ 1/25ರಲ್ಲಿ ಸರಿಯಾಗಿ ಎಂಟು ಅಂಗುಲ. ಈ ಅಳತೆಯಲ್ಲಿ ಒಂದು ಸುಲಭದ ಲೆಕ್ಕವಿದೆ: ನಿಜವಾದ ಕಾರಿನ ಒಂದು ಅಂಗುಲ ನಿಮ್ಮ ಕೈಯಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಇದನ್ನು ಸದಾ ನೆನಪಿನಲ್ಲಿಡಿ. ಕಾಲು ಮಿಲಿಮೀಟರ್ ದಪ್ಪಕ್ಕೆ ಬಣ್ಣ ಬಳಿದರೆ ನಿಜವಾದ ಕಾರಿಗೆ ಕಾಲು ಅಂಗುಲ ದಪ್ಪದ ಬಣ್ಣ ಮೆತ್ತಿದಂತೆ. ಬಾಗಿಲಿನ ಸಂದು ಮುಚ್ಚಿಹೋಗುವುದು, ಅಕ್ಷರಗಳು ಮೊಂಡಾಗುವುದು ಇದರಿಂದಲೇ.

ಪೆಟ್ಟಿಗೆ ತೆರೆದ ಕೂಡಲೇ ಏನನ್ನೂ ಕತ್ತರಿಸಬೇಡಿ. ಭಾಗಗಳನ್ನು, ಅವು ಅಂಟಿಕೊಂಡೇ ಬರುವ ಪ್ಲಾಸ್ಟಿಕ್ ಚೌಕಟ್ಟಿನ ಸಮೇತ, ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆ ಉಳಿದಿದ್ದರೆ ಬಣ್ಣ ನಿಲ್ಲುವುದಿಲ್ಲ. ಒಣಗಿದ ಮೇಲೆ ಒಂದೊಂದೇ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ತೆಳ್ಳನೆಯ ಪೊರೆ ಹರಡಿದ್ದರೆ ಅದು ಫ್ಲ್ಯಾಶ್: ಅಚ್ಚು ಹಳೆಯದಾಗಿ ಎರಡು ಅರ್ಧಗಳು ಬಿಗಿಯಾಗಿ ಕೂಡದೆ ಪ್ಲಾಸ್ಟಿಕ್ ಸೋರಿದೆ. ದುಂಡನೆಯ ಸಣ್ಣ ಗುರುತುಗಳಿದ್ದರೆ ಭಾಗವನ್ನು ಅಚ್ಚಿನಿಂದ ಹೊರತಳ್ಳಿದ ಪಿನ್ನಿನವು. ಅವು ಹೆಚ್ಚಾಗಿ ಕಾಣದ ಬದಿಗೇ ಇರುತ್ತವೆ, ಕಾಣದಿದ್ದರೆ ಬಿಟ್ಟುಬಿಡಿ. ದಪ್ಪವಿರುವ ಕಡೆ ಮೇಲ್ಮೈ ಒಳಕ್ಕೆ ಕುಸಿದಿದ್ದರೆ ಅದು ತಣಿಯುವಾಗ ಆದ ಕುಗ್ಗುವಿಕೆ. ಬೀಡುಕಬ್ಬಿಣವೂ ಕುಗ್ಗುತ್ತದೆ, ಅಡಿಗೆ ಎಂಟನೇ ಒಂದು ಅಂಗುಲ; ಅದಕ್ಕಾಗಿಯೇ ನಮ್ಮಲ್ಲಿ ಆ ಪ್ರಮಾಣದಲ್ಲಿ ಹಿಗ್ಗಿಸಿದ ಬೇರೆ ಅಳತೆಪಟ್ಟಿ ಇರುತ್ತದೆ. ಪ್ಲಾಸ್ಟಿಕ್‌ನ ತಗ್ಗಿಗೆ ಮಾತ್ರ ಪುಟ್ಟಿ ತುಂಬಿ ಉಜ್ಜಬೇಕು.

ಇನ್ನು ಗೆರೆ. ಅಚ್ಚಿನ ತುಂಡುಗಳು ಕೂಡಿದ ಜಾಗದಲ್ಲಿ ಬಾಡಿಯ ಮೇಲೆ ಕೂದಲೆಳೆಯಂಥ ಉಬ್ಬುಗೆರೆ ಉಳಿಯುತ್ತದೆ. ನಾವು ಅದನ್ನು ಪಾರ್ಟಿಂಗ್ ಲೈನ್ ಎನ್ನುತ್ತೇವೆ. ಕಾರಿನ ಬಾಡಿಯಲ್ಲಿ ಅದು ಸಾಮಾನ್ಯವಾಗಿ ಮುಂದಿನ ಫೆಂಡರ್‌ನ ನೆತ್ತಿಯ ಮೇಲೆ ಹಾದು, ಗಾಜಿನ ಪಕ್ಕದ ಕಂಬಗಳನ್ನು ಏರಿಳಿದು ಹಿಂದಿನ ರೆಕ್ಕೆಯ ಕಡೆಗೆ ಹೋಗುತ್ತದೆ. ಬಿಳಿ ಪ್ಲಾಸ್ಟಿಕ್‌ನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಹೊಳಪಿನ ಬಣ್ಣ ಬಿದ್ದ ಕ್ಷಣ ಎದ್ದು ಕಾಣುತ್ತದೆ. ಆದ್ದರಿಂದ ಕಣ್ಣನ್ನು ನಂಬಬೇಡಿ. ಕಣ್ಣು ಮುಚ್ಚಿ, ತೋರುಬೆರಳಿನ ತುದಿಯನ್ನು ಗೆರೆಗೆ ಅಡ್ಡಲಾಗಿ ನಿಧಾನವಾಗಿ ಎಳೆಯಿರಿ. ಎಲ್ಲಿ ಬೆರಳು ತಡೆಯುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಆಮೇಲೆ ಚೂಪಾದ ಬ್ಲೇಡನ್ನು ನೆಟ್ಟಗೆ ಹಿಡಿದು, ಕೊಯ್ಯದೆ, ಕೆರೆಯುತ್ತಾ ಬನ್ನಿ. ಸೌತೆಕಾಯಿಯ ಸಿಪ್ಪೆ ಹೆರೆದಂತೆ ತೆಳುವಾದ ಸುರುಳಿ ಏಳಬೇಕು. ನಂತರ 400 ನಂಬರಿನ ಮರಳುಕಾಗದ, ಆಮೇಲೆ 600, ನೀರು ಹಚ್ಚಿ. ಬೆಲ್ ಏರ್‌ನ ರೆಕ್ಕೆಯ ಮೇಲಂಚು ಚೂಪಾಗಿದೆ. ಅಲ್ಲಿ ಕಾಗದವನ್ನು ಬೆರಳಿಗೆ ಸುತ್ತಿ ಉಜ್ಜಿದರೆ ಅಂಚು ದುಂಡಗಾಗಿ ಕಾರಿನ ಮುಖವೇ ಬದಲಾಗುತ್ತದೆ. ಐಸ್‌ಕ್ರೀಮ್ ಕಡ್ಡಿಗೆ ಕಾಗದ ಅಂಟಿಸಿಕೊಂಡು ಚಪ್ಪಟೆಯಾಗಿ ಉಜ್ಜಿ. ಈ ಒಂದು ಕೆಲಸಕ್ಕೆ ನಾನು ನಾಲ್ಕು ರಾತ್ರಿ ಕೊಡುತ್ತೇನೆ.

ಅಂಟಿನ ವಿಷಯ ಚಿಕ್ಕದು. ಪಾಲಿಸ್ಟೈರಿನ್‌ಗೆಂದೇ ಬರುವ ನೀರಿನಂಥ ಅಂಟು ಎರಡೂ ಮೈಗಳನ್ನು ಕರಗಿಸಿ ಒಂದು ಮಾಡುತ್ತದೆ, ಬೆಸುಗೆಯ ಹಾಗೆ. ಭಾಗಗಳನ್ನು ಜೋಡಿಸಿ ಹಿಡಿದು ಸಂದಿಗೆ ಬ್ರಷ್ ತುದಿ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಹರಿಯುತ್ತದೆ. ಗಾಜಿಗೆ ಮಾತ್ರ ಇದೂ ಬೇಡ, ಸೂಪರ್ ಗ್ಲೂ ಅಂತೂ ಬೇಡವೇ ಬೇಡ. ಅದರ ಆವಿ ಗಾಜನ್ನು ಬೆಳ್ಳಗೆ ಮಸುಕು ಮಾಡುತ್ತದೆ. ಗಾಜಿಗೆ ಫೆವಿಕಾಲ್.

ಬಣ್ಣಕ್ಕೆ ಬೆಳಗಾವಿಯಲ್ಲಿ ಕಾಲ ನೋಡಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುತ್ತದೆ. ಒಂದು ಜುಲೈ ಸಂಜೆ ತಡೆಯಲಾರದೆ ಕಪ್ಪು ಬಾಡಿಯೊಂದಕ್ಕೆ ಲ್ಯಾಕರ್ ಸ್ಪ್ರೇ ಮಾಡಿದೆ. ಹತ್ತು ನಿಮಿಷದಲ್ಲಿ ಅದರ ಮೇಲೆ ಹಾಲಿನ ಕೆನೆಯಂತೆ ಬಿಳಿ ಪೊರೆ ಕಟ್ಟಿತು. ಗಾಳಿಯ ತೇವ ಬಣ್ಣದಲ್ಲಿ ಸಿಕ್ಕಿಕೊಂಡಿತ್ತು. ಅಂದಿನಿಂದ ಮಳೆಗಾಲವನ್ನು ಎಂಜಿನ್ನಿಗೆ, ಆಸನಗಳಿಗೆ, ಉಜ್ಜುವ ಕೆಲಸಕ್ಕೆ ಇಟ್ಟುಕೊಂಡು ಬಾಡಿಯ ಬಣ್ಣವನ್ನು ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಹೊಡೆಯುತ್ತೇನೆ. ಅದಕ್ಕೂ ಮುಂಚಿನ ನನ್ನ ಮೊದಲ ಕಾರು ಹಾಳಾದದ್ದು ಬೇರೆ ಕಾರಣಕ್ಕೆ. ನಿಜವಾದ ಕಾರಿಗೆ ಹೊಡೆಯುವ ಬಣ್ಣವನ್ನು ಬರಿಯ ಪ್ಲಾಸ್ಟಿಕ್ ಮೇಲೆ ನೇರ ಹೊಡೆದಿದ್ದೆ. ಅದರ ಥಿನ್ನರ್ ಪ್ಲಾಸ್ಟಿಕ್ಕನ್ನು ತಿಂದು, ಬೈಲಹೊಂಗಲ ಕಡೆಯ ಎರೆಹೊಲ ಏಪ್ರಿಲ್‌ನಲ್ಲಿ ಬಿರಿದಂತೆ ಬಾನೆಟ್ ತುಂಬ ಬಿರುಕು. ಮೊದಲು ಪ್ಲಾಸ್ಟಿಕ್‌ಗೆ ಹೊಂದುವ ಬೂದು ಪ್ರೈಮರ್ ಎರಡು ತೆಳು ಪದರ. ಅದು ಉಳಿದ ಗೆರೆಗಳನ್ನೂ ತೋರಿಸಿಕೊಡುತ್ತದೆ. ಕೆಂಪು ಪ್ಲಾಸ್ಟಿಕ್‌ನಲ್ಲಿ ಎರೆದ ಬಾಡಿಯಾದರೆ ಪ್ರೈಮರ್ ಮೇಲೆ ಬೆಳ್ಳಿ ಬಣ್ಣದ ಒಂದು ಪದರವನ್ನೂ ಕೊಡಿ, ಇಲ್ಲದಿದ್ದರೆ ಬಿಳಿಯ ಕೆಳಗಿನಿಂದ ಗುಲಾಬಿ ಇಣುಕುತ್ತದೆ. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂತ ಮೇಲೆ, ಕಿಟಕಿ ತೆರೆದು, ಮಾಸ್ಕ್ ಕಟ್ಟಿ ಹೊಡೆಯಿರಿ. ಹೊಡೆದ ತಕ್ಷಣ ಕಾರಿನ ಮೇಲೆ ದೊಡ್ಡ ಡಬ್ಬಿ ಬೋರಲು ಹಾಕಿ. ನಾನು ಕುಂದಾ ತಂದ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳನ್ನು ಇದಕ್ಕಾಗಿಯೇ ಎತ್ತಿಡುತ್ತೇನೆ. 1957ರಲ್ಲಿ ಷೆವರ್ಲೆಯವರ ಬಣ್ಣಗಳಲ್ಲಿ ಒಂದರ ಹೆಸರು ಇಂಡಿಯಾ ಐವರಿ. ಆ ದಂತದ ಬಿಳುಪಿನ ಛಾವಣಿ, ಕೆಳಗೆ ಟ್ರಾಪಿಕಲ್ ಟರ್ಕ್ವಾಯ್ಸ್: ನನ್ನ ಕಣ್ಣಿಗೆ ಇದಕ್ಕಿಂತ ಚೆಂದದ ಜೋಡಿ ಇಲ್ಲ.

ಬಾನೆಟ್ ಮೇಲಿನ ‘ಷೆವರ್ಲೆ’ ಎಂಬ ಉಬ್ಬು ಕೂಡುಬರಹವನ್ನು ಬ್ರಷ್‌ನಿಂದ ತುಂಬಲು ಯಾರ ಕೈಯೂ ಸಾಲದು. ಅದಕ್ಕೊಂದು ಉಪಾಯವಿದೆ. ಪ್ರೈಮರ್ ಆದ ಮೇಲೆ, ಬಣ್ಣಕ್ಕೆ ಮುಂಚೆ, ಮಾದರಿಗಳಿಗೆಂದೇ ಬರುವ ಅಂಟಿರುವ ತೆಳು ಲೋಹದ ಹಾಳೆಯ ಒಂದು ಚೂರನ್ನು ಬರಹದ ಮೇಲೆ ಕೂರಿಸಿ. ಹತ್ತಿಯ ಕಡ್ಡಿಯಿಂದ ಒತ್ತಿ ಉಜ್ಜುತ್ತಾ ಹೋದರೆ ಅಕ್ಷರಗಳು ಒಂದೊಂದಾಗಿ ಮೇಲೇಳುತ್ತವೆ, ಮಡಿಕೆಗಳು ಮಾಯವಾಗುತ್ತವೆ. ಸುತ್ತಲಿನ ಹಾಳೆಯನ್ನು ಬರಹಕ್ಕೆ ಹತ್ತಿರವಾಗಿ ಕತ್ತರಿಸಿ ತೆಗೆದು ಅದರ ಮೇಲೆಯೇ ಬಣ್ಣ ಹೊಡೆಯಿರಿ. ಪೂರ್ತಿ ಒಣಗಿದ ಮೇಲೆ ಹತ್ತಿ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಥಿನ್ನರ್ ಮುಟ್ಟಿಸಿ, ಕೈಮೇಲೆ ಒರೆಸಿ ಬಹುತೇಕ ಒಣಗಿಸಿಕೊಂಡು, ಬರಹದ ನೆತ್ತಿಯನ್ನಷ್ಟೇ ಸವರಿ. ಎರಡನೆಯದೋ ಮೂರನೆಯದೋ ಸವರಿಕೆಗೆ ಬಣ್ಣದೊಳಗಿನಿಂದ ಬೆಳ್ಳಿಯ ಒಂದು ಚುಕ್ಕೆ ಹೊಳೆಯುತ್ತದೆ, ಆಮೇಲೆ ಒಂದು ಬಾಲ, ಆಮೇಲೆ ಇಡೀ ಅಕ್ಷರ. ಕಿಟಕಿಗಳ ಸುತ್ತಲಿನ ಪಟ್ಟಿಗಳಿಗೂ ಅದೇ ಹಾಳೆ, ಆದರೆ ಬಣ್ಣವಾದ ಮೇಲೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ನೇರ ಪಟ್ಟಿಗೆ ನಡೆದೀತು, ಅಕ್ಷರಗಳಿಗೆ ದಪ್ಪವಾಗುತ್ತದೆ.

ಬೆಲ್ ಏರ್‌ನ ಗ್ರಿಲ್ ಬೆಳ್ಳಿಯಲ್ಲ, ಬಂಗಾರದ ಬಣ್ಣದ್ದು. ಮುಂದಿನ ಫೆಂಡರ್‌ನ ಮೂರು ಗುರುತುಗಳೂ ಹಾಗೆಯೇ. ಕ್ರೋಮ್ ಲೇಪದ ಗ್ರಿಲ್ ಮೇಲೆ ಪಾರದರ್ಶಕ ಹಳದಿಗೆ ಒಂದು ಹನಿ ಕಿತ್ತಳೆ ಬೆರೆಸಿ ಬಳಿದರೆ ಸಾಕು. ಎಂಜಿನ್ ವಿ-8, ಅಂದರೆ ಎರಡು ಸಾಲಿನಲ್ಲಿ ಎಂಟು ಸಿಲಿಂಡರ್; ಕಿತ್ತಳೆ ಬಣ್ಣ. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಸ್ಪಾರ್ಕ್ ಪ್ಲಗ್ ತಂತಿಗಳು ಇರುವುದಿಲ್ಲ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ 32 ಗೇಜಿನ ತಾಮ್ರದ ತಂತಿಯ ಒಂದು ಮಾರು ಕೇಳಿ. ಇಪ್ಪತ್ತೈದು ಪಟ್ಟು ಹಿಗ್ಗಿಸಿದರೆ ಅದು ಏಳು ಮಿಲಿಮೀಟರ್ ದಪ್ಪ, ಪ್ಲಗ್ ತಂತಿಯಷ್ಟೇ. ಕಪ್ಪು ಬಣ್ಣ ಬಳಿದು, ಎಂಜಿನ್ನಿನ ಹಿಂಬದಿಯಲ್ಲಿರುವ, ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್‌ನಿಂದ 1-8-4-3-6-5-7-2 ಕ್ರಮದಲ್ಲಿ ಪ್ರದಕ್ಷಿಣೆಯಾಗಿ ಎಳೆಯಿರಿ. ಚಾಲಕನ ಬದಿಗೆ, ಅಂದರೆ ಈ ಕಾರಿನ ಎಡಕ್ಕೆ, ಮುಂದಿನಿಂದ ಸಿಲಿಂಡರ್ 1, 3, 5, 7. ಆಚೆ ಬದಿಗೆ 2, 4, 6, 8. ಬಾನೆಟ್ ಮುಚ್ಚಿದರೆ ಕಾಣುವುದಿಲ್ಲ ಎಂದು ಬಿಡಬೇಡಿ. ಗೊತ್ತಿದ್ದವರು ಮೊದಲು ಎತ್ತುವುದೇ ಬಾನೆಟ್ಟನ್ನು.

ಸಂಗ್ರಹಕ್ಕೆ ಇಳಿಯುವವರು ಪೆಟ್ಟಿಗೆಯ ಚಿತ್ರಕ್ಕಿಂತ ಅಚ್ಚಿನ ಚರಿತ್ರೆ ತಿಳಿದುಕೊಳ್ಳಬೇಕು. ಮಾದರಿ ಕಾರುಗಳ ಎಎಂಟಿ ಕಂಪನಿ 1948ರಲ್ಲಿ ಮಿಶಿಗನ್ ರಾಜ್ಯದಲ್ಲಿ ಶುರುವಾಯಿತು. ಆ ಹೆಸರಿನ ಮೊದಲ ಅಕ್ಷರ ಅಲ್ಯೂಮಿನಿಯಮ್ಮಿನದು, ಅವರ ಮೊದಲ ಕಾರು ಅಲ್ಯೂಮಿನಿಯಂ ಎರಕವಾಗಿತ್ತು. ಇದನ್ನು ತಿಳಿದ ದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಬೇಗನೆ ಪ್ಲಾಸ್ಟಿಕ್‌ಗೆ ತಿರುಗಿದ ಅವರು ಕಾರು ಮಾರಾಟಗಾರರಿಗೆ ಪ್ರಚಾರದ ಮಾದರಿಗಳನ್ನು ಮಾಡಿಕೊಟ್ಟರು, 1958ರಿಂದ ಮೂರು ಬಗೆಯಲ್ಲಿ ಕಟ್ಟಬಹುದಾದ ವಾರ್ಷಿಕ ಕಿಟ್‌ಗಳನ್ನು ತಂದರು. ಹೊಸ ವರ್ಷದ ಕಾರು ಬಂದಾಗ ಹಳೆಯ ಅಚ್ಚನ್ನೇ ಕೊರೆದು ತಿದ್ದಿ ಹೊಸದನ್ನು ಮಾಡುತ್ತಿದ್ದರು. ಹಾಗೆ ತಿದ್ದಿದ ಅಚ್ಚು ಹಿಂದಿನ ವರ್ಷಕ್ಕೆ ಮರಳುವುದಿಲ್ಲ. ಅರವತ್ತರ ದಶಕದ ಎಷ್ಟೋ ಕಾರುಗಳು ಇಂದು ಹಳೆಯ ಪೆಟ್ಟಿಗೆಗಳಲ್ಲಿ ಮಾತ್ರ ಉಳಿದಿರುವುದು ಈ ಕಾರಣಕ್ಕೆ. ಪ್ಯಾಟರ್ನ್ ಮಾಡುವವನಿಗೆ ಇದು ಸಂಕಟದ ಸಂಗತಿ. ಅಂಥದ್ದು ಕೈಗೆ ಸಿಕ್ಕರೆ ಅದನ್ನು ಕಟ್ಟುವ ಮುನ್ನ ನಾಲ್ಕು ಸಲ ಯೋಚಿಸಿ. ಮತ್ತೆ ಮತ್ತೆ ಮಾರುಕಟ್ಟೆಗೆ ಬರುತ್ತಿರುವ ಬೆಲ್ ಏರನ್ನು ಮಾತ್ರ ಪೆಟ್ಟಿಗೆಯಲ್ಲಿ ಬಚ್ಚಿಡುವುದರಲ್ಲಿ ಅರ್ಥವಿಲ್ಲ.

ಹಳೆಯ ಕಿಟ್ ಕೊಳ್ಳುವಾಗ ಮೊದಲು ಗಾಜು, ಟೈರ್, ಕ್ರೋಮ್ ಚೌಕಟ್ಟಿನ ಚಿತ್ರ ಕೇಳಿ. ಇವು ಮೂರು ಇಲ್ಲದ ಕಿಟ್ ಬೇಡ. ಹಳದಿಗಟ್ಟಿದ ಡೆಕಾಲ್ ಹಾಳೆಗೆ, ಅಂದರೆ ಕಾರಿಗೆ ಅಂಟಿಸುವ ಚಿತ್ರಗಳ ಹಾಳೆಗೆ, ಹೆದರಬೇಕಾಗಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ವಾರ ಅಂಟಿಸಿದರೆ ಬೆಳ್ಳಗಾಗುತ್ತದೆ. ಟೈರ್‌ಗಳನ್ನು ಮಾತ್ರ ಅಂದೇ ಬೇರೆ ಚೀಲಕ್ಕೆ ಹಾಕಿ. ಹಳೆಯ ವಿನೈಲ್ ಟೈರಿನಲ್ಲಿರುವ ಮೆದುಕಾರಕ ನಿಧಾನವಾಗಿ ಹೊರಬಂದು ತಾಗಿದ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ವಿಂಡ್‌ಷೀಲ್ಡ್ ಮೇಲೆ ಟೈರಿನ ಗುರುತು ಸುಟ್ಟಂತೆ ಮೂಡಿದ್ದನ್ನು ನಾನೇ ಕಂಡಿದ್ದೇನೆ. ಕಟ್ಟಿದ ಕಾರಿಗೆ ಟೈರ್ ಹಾಕುವ ಮುನ್ನ ಚಕ್ರದ ಅಂಚಿಗೆ ತೆಳು ಲೋಹದ ಹಾಳೆ ಸುತ್ತುತ್ತೇನೆ.

ಮೇಜಿನ ಮೇಲೆ ಈಗ ಎರಡನೆಯ ಬೆಲ್ ಏರ್ ಇದೆ. ಬಾಡಿಯ ಬಣ್ಣ ಫೆಬ್ರುವರಿಯಲ್ಲೇ ಮುಗಿದು ಡಬ್ಬಿಯ ಕೆಳಗೆ ಗಟ್ಟಿಯಾಗುತ್ತಿದೆ. ಎಂಜಿನ್ನಿನ ಚೌಕಟ್ಟನ್ನು ತೊಳೆದು ಎತ್ತಿಟ್ಟಿದ್ದೇನೆ, ಮಳೆ ಹಿಡಿದ ಮೇಲೆ ತೆಗೆಯುತ್ತೇನೆ.