ಮನೆ ಬಾಡಿಗೆ ಬಿಟ್ಟು ಸೇವೆಗಳ ಬೆಲೆ ಎಷ್ಟು ಏರಿತು? ನೀವೇ ಲೆಕ್ಕ ಹಾಕಿ

ನಮ್ಮ ಬೀದಿಯ ಸಲೂನಿನ ದರಪಟ್ಟಿಯಲ್ಲಿ ಕಟಿಂಗ್ ಎದುರು ಒಂದು ಬಿಳಿ ಸ್ಟಿಕ್ಕರ್ ಇದೆ. ಅದರ ಮೇಲೆ 150. ಅಂಚು ಸ್ವಲ್ಪ ಎದ್ದಿದೆ, ಇಣುಕಿದರೆ ಕೆಳಗೆ ಹಳೇ 120 ಕಾಣುತ್ತದೆ. ಟೊಮೆಟೊ ಏರುತ್ತದೆ, ಇಳಿಯುತ್ತದೆ. ಈ ಸ್ಟಿಕ್ಕರ್ ಇಳಿದದ್ದನ್ನು ನಾನಂತೂ ನೋಡಿಲ್ಲ. ಕಟಿಂಗ್, ಟ್ಯೂಷನ್, ಬಸ್ ಚಾರ್ಜು, ಡಾಕ್ಟರ್ ಫೀಸು, ರೀಚಾರ್ಜು, ಇಂಥವುಗಳ ಬೆಲೆ ಏರಿಕೆಯನ್ನಷ್ಟೇ ಅಳೆಯೋದು ಹೇಗೆ ಅಂತ ನೋಡೋಣ.

ಅಮೆರಿಕದಲ್ಲಿ ಇದಕ್ಕೆ ಸಿದ್ಧ ಅಂಕಿಯೇ ಸಿಗುತ್ತದೆ. 2022ರ ನವೆಂಬರಿನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ‘ಫೆಡ್’ನ ಆಗಿನ ಅಧ್ಯಕ್ಷ ಜೆರೋಮ್ ಪೊವೆಲ್ ಕೂಡ ವಸತಿ ಖರ್ಚು ಬಿಟ್ಟ ಸೇವೆಗಳನ್ನು ಬೇರೆ ಮಾಡಿಯೇ ಮಾತಾಡಿದ್ದರು. ನಮ್ಮಲ್ಲಿ ಸ್ವಲ್ಪ ಕೈಕೆಲಸ ಬೇಕು.

ಮೊದಲು ಕೇಂದ್ರ ಅಂಕಿಅಂಶ ಸಚಿವಾಲಯದ ಗ್ರಾಹಕ ಬೆಲೆ ಸೂಚ್ಯಂಕ ತೆಗೆಯಿರಿ. ಇಲ್ಲಿ 2025ರ ಡಿಸೆಂಬರ್‌ವರೆಗೆ ನಡೆದ 2012 ಆಧಾರ ವರ್ಷದ ಸರಣಿ, ಅಂದರೆ 2012ರ ಬೆಲೆಯನ್ನು 100 ಅಂತ ಇಟ್ಟು ಅಳೆದದ್ದನ್ನು ಹಿಡಿದಿದ್ದೇನೆ, ಗ್ರಾಮೀಣ ಮತ್ತು ನಗರ ಸೇರಿದ್ದು. ಬೇರೆ ಆಧಾರ ವರ್ಷದ ಸರಣಿಯ ತೂಕವೇ (ಜನರ ಒಟ್ಟು ಖರ್ಚಿನ 100ರಲ್ಲಿ ಒಂದೊಂದರ ಪಾಲು) ಬೇರೆ, ಎರಡನ್ನೂ ಬೆರೆಸಬೇಡಿ.

ಆಮೇಲೆ ವಸತಿ ತೆಗೆದುಬಿಡಿ. ಇದರ ತೂಕ 10.07, ನಗರದ್ದು ಮಾತ್ರ ನೋಡಿದರೆ 21.67. ಯಾಕೆ ತೆಗೆಯೋದು ಅಂದ್ರೆ, ಈ ಸರಣಿಯಲ್ಲಿ ಒಂದೇ ಮನೆಯ ಬಾಡಿಗೆಯನ್ನು ಆರು ತಿಂಗಳಿಗೊಮ್ಮೆ ಕೇಳುತ್ತಿದ್ದರು, ಹಾಗಾಗಿ ಅದು ನಿಧಾನಕ್ಕೆ ಅಲುಗುತ್ತಿತ್ತು. ಇನ್ನೊಂದು ತಮಾಷೆ ಇದೆ. ಸರ್ಕಾರಿ ಕ್ವಾರ್ಟರ್ಸ್‌ನ ಬಾಡಿಗೆ ಲೆಕ್ಕದಲ್ಲಿ ನೌಕರರ ಮನೆ ಬಾಡಿಗೆ ಭತ್ಯೆಯೂ ಸೇರಿದ್ದರಿಂದ, 2017ರಲ್ಲಿ ಏಳನೇ ವೇತನ ಆಯೋಗದ ಭತ್ಯೆ ಜಾರಿಯಾದಾಗ ನಿಮ್ಮ ಓನರ್ ಒಂದು ರೂಪಾಯಿ ಏರಿಸದಿದ್ದರೂ ವಸತಿ ಸೂಚ್ಯಂಕ ಮೇಲೆ ಹೋಯಿತು!

ಜಾಸ್ತಿ ಜನ ಎಡವೋದು ಮುಂದಿನ ಹೆಜ್ಜೆಯಲ್ಲಿ. ಈ ಸರಣಿಯ ಪಟ್ಟಿಯಲ್ಲಿ ‘ಇತರೆ’ ಅಂತ ಒಂದು ಗುಂಪಿದೆ, ತೂಕ 28.32. ಶಿಕ್ಷಣ, ಆರೋಗ್ಯ, ಸಾರಿಗೆ, ಮನರಂಜನೆ ಎಲ್ಲ ಅದರಲ್ಲೇ ಇರೋದರಿಂದ ಇದೇ ಸೇವೆ ಅಂದುಕೊಂಡು ಸುಮ್ನೆ ಆ ಅಂಕಿ ಎತ್ತಿಕೊಂಡು ಬಿಡುತ್ತಾರೆ. ಒಳಗೆ ಕೈ ಹಾಕಿ ನೋಡಿ. ಆರೋಗ್ಯದ ತೂಕ 5.89, ಅದರಲ್ಲಿ ಸುಮಾರು 4 ಮೆಡಿಕಲ್ ಸ್ಟೋರಿನ ಮಾತ್ರೆ, ಟಾನಿಕ್ಕು. ಸಾರಿಗೆಯೊಳಗೆ ಪೆಟ್ರೋಲ್ ಇದೆ. ವೈಯಕ್ತಿಕ ಆರೈಕೆ ಅನ್ನೋ ಉಪಗುಂಪಿನಲ್ಲಿ ನಮ್ಮ ಕಟಿಂಗ್ ಜೊತೆಗೆ ಸೋಪು, ಅದರ ಪಕ್ಕದಲ್ಲೇ ಚಿನ್ನ! 2025ರಲ್ಲಿ ಚಿನ್ನ ಏರಿದ ಪರಿ ಗೊತ್ತಲ್ವಾ? ಅದನ್ನು ಒಳಗೇ ಬಿಟ್ಟು ‘ಸೇವೆ ದುಬಾರಿ’ ಅಂತ ಬರೆದರೆ ಪಾಪ, ಕಟಿಂಗ್ ಮಾಡೋರ ತಪ್ಪೇನು? ಹಾಗಾಗಿ ಉಪಗುಂಪಿಗೆ ನಿಲ್ಲಬೇಡಿ. ಒಂದೊಂದೇ ಐಟಂ ಇಳಿದು ನೋಡಿ, ಕೈಗೆ ವಸ್ತು ಬರುವಂಥದ್ದನ್ನೆಲ್ಲ ಹೊಡೆದುಹಾಕಿ. ಬೇರೆ ಗುಂಪುಗಳಲ್ಲೂ ಸೇವೆ ಅಡಗಿರುತ್ತದೆ, ಟೈಲರ್ ಕೂಲಿ ಬಟ್ಟೆ ಗುಂಪಿನಲ್ಲಿದೆ. ಅಂಥವನ್ನು ಸೇರಿಸಿಕೊಳ್ಳಿ.

ಈಗ ಲೆಕ್ಕ. ಸುಮ್ನೆ ಉದಾಹರಣೆಗೆ ಮೂರೇ ಸೇವೆ ಇವೆ ಅಂದುಕೊಳ್ಳಿ. ಶಾಲೆ ಫೀಸಿನ ತೂಕ 3, ಸೂಚ್ಯಂಕ 200ರಿಂದ 212ಕ್ಕೆ. ಮೊಬೈಲ್ ತೂಕ 2, 150ರಲ್ಲೇ ನಿಂತಿದೆ. ಕಟಿಂಗ್ ತೂಕ 1, 180ರಿಂದ 198ಕ್ಕೆ. ತೂಕವನ್ನು ಸೂಚ್ಯಂಕದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕ 6ರಿಂದ ಭಾಗಿಸಿ. ಹೋದ ವರ್ಷ 1080, ಅಂದರೆ 180. ಈ ವರ್ಷ 1134, ಅಂದರೆ 189. ಏರಿಕೆ ಶೇ 5.

ಶೇ 6, 0, 10 ಅಂತ ಮೂರರ ಸರಾಸರಿ ತೆಗೆದಿದ್ದರೆ 5.33 ಬರುತ್ತಿತ್ತು. ತೂಕವನ್ನು ನೇರ ಶೇಕಡಾವಾರಿಗೇ ಹಚ್ಚಿದ್ದರೆ 4.67. ಎರಡೂ ತಪ್ಪು. ಮೊದಲು ಸೂಚ್ಯಂಕ ಕಟ್ಟಬೇಕು, ಶೇಕಡಾ ಕೊನೆಗೆ.

ಹೋದ ತಿಂಗಳ ಜೊತೆ ಹೋಲಿಸಬೇಡಿ, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಶಾಲೆ ಫೀಸು ನಮ್ಮಲ್ಲಿ ಜೂನ್ ಹೊತ್ತಿಗೆ ಒಂದೇ ಸಲ ಜಿಗಿಯುತ್ತದೆ, ಆಮೇಲೆ ವರ್ಷವಿಡೀ ಅಲುಗಲ್ಲ. ಹಾಗಂತ ಈ ಹೋಲಿಕೆಯೂ ಒಮ್ಮೊಮ್ಮೆ ಆಟ ಆಡಿಸುತ್ತದೆ. 2025ರ ಜನವರಿ 5ರಿಂದ ರಾಜ್ಯದ ಸರ್ಕಾರಿ ಬಸ್ ದರ ಶೇ 15 ಏರಿತು. ಆ ಏರಿಕೆ ಡಿಸೆಂಬರ್‌ವರೆಗೂ ವಾರ್ಷಿಕ ಲೆಕ್ಕದಲ್ಲಿ ಕೂತಿರುತ್ತದೆ, 2026ರ ಜನವರಿ ಬಂದೊಡನೆ ಮಾಯ. ಟಿಕೆಟ್ ಒಂದು ಪೈಸೆ ಇಳಿದಿರುವುದಿಲ್ಲ. ಅದಕ್ಕೇ ನಾನು ಶೇಕಡಾ ಕಾಲಂ ಪಕ್ಕದಲ್ಲಿ ಸೂಚ್ಯಂಕದ ಕಾಲಂ ಅನ್ನೂ ಅಳಿಸದೆ ಇಟ್ಟುಕೊಳ್ಳುತ್ತೇನೆ.